ಉದಗೀರದ ಕೋಟೆ ನೋಡಿಯೇ ಹೋಗುವುದು

ಬೆಳಗಿನ ಆರಕ್ಕೇ ಬೊನಿಫಾಸ್ ಮಾಸ್ತರರು ಗಡಿಯಾಚೆಯ ಉಮರ್ಗಾದ ಲಾಡ್ಜಿನ ಮೆಟ್ಟಿಲ ಮೇಲೆ ಬೂಟು ಕಟ್ಟಿಕೊಂಡು ಕೂತಿದ್ದರು. ಮಂಗಳೂರಿನಿಂದ ನಾಗಪುರದವರೆಗಿನ ಕಾರು ಪ್ರಯಾಣದಲ್ಲಿ ಅವರು ತಮಗಾಗಿ ಕೇಳಿಕೊಂಡದ್ದು ಈ ಒಂದು ದಿನವನ್ನು ಮಾತ್ರ. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಕಲಿಸಿದವರು. ನಿಲಂಗಾದ ಹಳೆಯ ಕಲ್ಲುಗುಡಿ, ಉದಗೀರದ ಕೋಟೆ ಎರಡರ ಬಗ್ಗೆಯೂ ಓದಿದ್ದರು, ನೋಡಿರಲಿಲ್ಲ.

ಅವರ ಹೆಂಡತಿ ಜುಸ್ತಿನಾಗೆ ಕಲ್ಲುಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅರವತ್ತೆರಡರ ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತಿತ್ತು. ಆಕೆಯ ಮನಸ್ಸೆಲ್ಲ ನಾಗಪುರದಲ್ಲಿತ್ತು. ಅಲ್ಲಿ ಇನ್ನು ನಾಲ್ಕು ದಿನಕ್ಕೆ ತಂಗಿಯ ಮಗ ಅರ್ನಾಲ್ಡನಿಗೆ ಪಾದ್ರಿಯಾಗುವ ಗುರುದೀಕ್ಷೆ. ಆ ದಿನ ಬಂದವರ ಕೈಗೆ ಕೊಡಲೆಂದು ಮಂಗಳೂರಿನಲ್ಲೇ ಅಚ್ಚು ಹಾಕಿಸಿದ ನೆನಪಿನ ಚೀಟಿಗಳ ರಟ್ಟಿನ ಡಬ್ಬಿ ಕಾರಿನ ಡಿಕ್ಕಿಯಲ್ಲಿತ್ತು. ಚೀಟಿಯ ಒಂದು ಕಡೆ ಕುರಿಮರಿ ಹೊತ್ತ ಯೇಸು, ಇನ್ನೊಂದು ಕಡೆ ಅರ್ನಾಲ್ಡನ ನಗುಮುಖ, ಕೆಳಗೆ ಕನ್ನಡ ಲಿಪಿಯಲ್ಲಿ ಎರಡು ಸಾಲು ಕೊಂಕಣಿ.

ನಿಲಂಗಾ ಮುಗಿಯಿತು. ಗುಡಿಯ ಗೋಡೆಯ ಶಿಲ್ಪಗಳ ಮುಂದೆ ಮಾಸ್ತರರು ಒಂದೂವರೆ ಗಂಟೆ ನಿಂತರು. ಕಾರು ಓಡಿಸುತ್ತಿದ್ದ ಮಗಳು ಜೀಟಾ ಹಾರ್ನ್ ಹೊಡೆದ ಮೇಲೇ ಅವರು ಹೊರಗೆ ಬಂದದ್ದು.

ವಲಾಂಡಿ ದಾಟಿ ಸ್ವಲ್ಪ ಮುಂದೆ ಹಿಂದಿನ ಟೈರು ಪಂಕ್ಚರ್ ಆಯಿತು. ರಸ್ತೆಬದಿಯ ಹೊಲದ ಅಂಚಿನಲ್ಲಿ ಬೇವಿನ ಮರ, ಅದರಾಚೆ ತಗಡಿನ ಮನೆ. ಆ ಸೀಮೆಯ ಊರುಗಳನ್ನು ನೆಲಸಮ ಮಾಡಿದ ಭೂಕಂಪವಾಗಿ ಹದಿನೆಂಟು ವರ್ಷವಾದರೂ ಆ ಮನೆಯವರು ಕಲ್ಲಿನ ಮಾಳಿಗೆಯ ಕೆಳಗೆ ಮಲಗಲು ಮತ್ತೆ ಒಪ್ಪಿರಲಿಲ್ಲ. ಮನೆಯೊಡತಿ ಕುಸುಮಬಾಯಿ ಕೇಳುವ ಮೊದಲೇ ತಂಬಿಗೆಯಲ್ಲಿ ನೀರು ತಂದಳು. ಹಿಂದೆಯೇ ಆಕೆಯ ಮೊಮ್ಮಗಳು, ಏಳು ವರ್ಷದ ಮಯೂರಿ.

“ಎಲ್ಲಿ ಹೊಂಟೀರಿ?”

“ಉದಗೀರದ ಕೋಟೆ ನೋಡುವ ಅಂತ,” ಎಂದಳು ಜುಸ್ತಿನಾ.

ಕುಸುಮಬಾಯಿ ನಕ್ಕಳು. “ನಿಮ್ಮ ಕನ್ನಡ ಬುಕ್ಕಿನಾಗಿನಂಗ ಅದ ನೋಡ್ರಿ. ಕಿಲ್ಲಾ ನಮಗ ಇಷ್ಟು ಹತ್ರ ಅದ, ನಾ ಒಂದಿನಾನೂ ನೋಡಿಲ್ಲ.”

ಸ್ಟೆಪ್ನಿ ತೆಗೆಯಲು ಡಿಕ್ಕಿಯ ಸಾಮಾನೆಲ್ಲ ಕೆಳಗಿಳಿಸಬೇಕಾಯಿತು. ರಟ್ಟಿನ ಡಬ್ಬಿಯ ಬಾಯಿ ಬಿಚ್ಚಿಕೊಂಡಿತು. ಅಷ್ಟರಲ್ಲಿ ಒಂದು ಲಾರಿ ಭರ್ರನೆ ಹಾದುಹೋಗಿ, ಆ ಗಾಳಿಗೆ ಚೀಟಿಗಳು ತೊಗರಿಯ ಸಾಲುಗಳೊಳಗೆಲ್ಲ ಹಾರಿದವು. ಮಯೂರಿ ಕೇಕೆ ಹಾಕುತ್ತ ಓಡಿಹೋಗಿ ಒಂದೊಂದನ್ನೇ ಆರಿಸತೊಡಗಿದಳು.

ಮೋಟಾರುಬೈಕಿನಲ್ಲಿ ಬಂದ ಯುವಕ ಕಂಡದ್ದು ಅದನ್ನೇ: ಊರ ಹುಡುಗಿಯ ಕೈತುಂಬ ಯೇಸುವಿನ ಚಿತ್ರ, ಪಕ್ಕದಲ್ಲಿ ಕನ್ನಡಿಗೆ ಜಪಸರ ತೂಗಿಸಿದ ಹೊರಗಿನ ಕಾರು.

“ಕಾಯ್ ಓ, ಕುಠೂನ್ ಆಲಾತ್?” ಎಂದು ಮರಾಠಿಯಲ್ಲಿ ಗದರಿದ. ಅರ್ಥವಾಗಲಿಲ್ಲವೆಂದು ತಿಳಿದಾಗ ಕನ್ನಡಕ್ಕೆ ಬಂದ. “ಎಲ್ಲಿಂದ ಬಂದೀರಿ? ಸಣ್ಣ ಪೋರಿಗಿ ಇದೇನು ಹಂಚ್ಲತ್ತೀರಿ?”

ಮಾಸ್ತರರು ಕೈಮುಗಿದು ವಿವರಿಸಿದರು. ಅವನು ಕೇಳಿಸಿಕೊಳ್ಳಲಿಲ್ಲ. ಕಾರಿನ ನಂಬರಿನ ಫೋಟೋ ತೆಗೆದ, ಯಾರಿಗೋ ಫೋನ್ ಮಾಡಿದ. ಇನ್ನೂ ಇಬ್ಬರು ಬೈಕಿನಲ್ಲಿ ಬಂದು ಅವನ ಹಿಂದೆ ನಿಂತರು.

“ಗಾಡಿ ತಿರುಗಿಸ್ರಿ. ಹೈವೇ ಹಿಡಿದು ಹೋಗ್ರಿ. ಉದಗೀರದ ಕಡಿ ಕಾಲಿಡಬ್ಯಾಡ್ರಿ.”

ಮಾಸ್ತರರು ಹೆಂಡತಿಯ ಕಡೆ ತಿರುಗಿ ತಮ್ಮ ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು. “ಸುಮ್ಮನೆ ಯಾಕೆ ಮಾರಾಯ್ತಿ, ಹೋಗುವ. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ.”

ಸುಮ್ಮನೆ ಯಾಕೆ. ಮೂರು ವರ್ಷದ ಹಿಂದೆ ತಮ್ಮೂರಿನ ಪ್ರಾರ್ಥನಾಲಯಕ್ಕೆ ಗುಂಪೊಂದು ನುಗ್ಗಿ ಗಾಜುಗಳನ್ನು ಒಡೆಯುತ್ತಿದ್ದ ಸದ್ದು ಕೇಳಿದಾಗಲೂ ಈ ಮನುಷ್ಯ ಇದೇ ಮಾತು ಹೇಳಿದ್ದರು. ಜುಸ್ತಿನಾ ಎದ್ದುಹೋಗಿ ಕಿಟಕಿ ಮುಚ್ಚಿ ಬಂದಿದ್ದಳು. ಮರುದಿನ ನೆರೆಯವರೊಂದಿಗೆ ಗಾಜಿನ ಚೂರು ಗುಡಿಸಿದಳು, ಯಾರನ್ನೂ ಏನೂ ಕೇಳಲಿಲ್ಲ. ಕಿಟಕಿ ಮುಚ್ಚಿದ ತನ್ನ ಕೈಗಳನ್ನು ಮಾತ್ರ ಆಕೆ ಇನ್ನೂ ಕ್ಷಮಿಸಿರಲಿಲ್ಲ.

ಮಯೂರಿಯ ಕೈಯಿಂದ ಒಂದು ಚೀಟಿ ತೆಗೆದುಕೊಂಡು ಆಕೆ ನೆಟ್ಟಗೆ ಯುವಕನ ಹತ್ತಿರ ಹೋದಳು.

“ಏನು ಬರೆದಿದೆ, ಓದು.”

ಅವನು ಚೀಟಿ ನೋಡಿದ. ಮನೆಯಲ್ಲಿ ಆಡುವುದು ಕನ್ನಡವಾದರೂ ಕಲಿತದ್ದು ಮರಾಠಿ ಶಾಲೆಯಲ್ಲಿ. ಲಿಪಿ ಅವನಿಗೆ ಬರುತ್ತಿರಲಿಲ್ಲ. ಹಿಂದೆ ನಿಂತ ಇಬ್ಬರಿಗೂ ಬರುತ್ತಿರಲಿಲ್ಲ.

“ಓದಲಿಕ್ಕೆ ಬರುವುದಿಲ್ಲ, ಆದರೆ ತಪ್ಪು ಅಂತ ಮಾತ್ರ ಗೊತ್ತು! ನಾನೇ ಓದಿ ಕನ್ನಡದಲ್ಲಿ ಹೇಳುತ್ತೇನೆ, ಕೇಳು. ‘ನಾನು ಅರ್ನಾಲ್ಡ್. ಇವತ್ತು ಗುರುವಾದೆ. ನನಗಾಗಿ ಪ್ರಾರ್ಥಿಸಿ.’ ಇಷ್ಟೇ.”

ಹಿಂದಿನ ಇಬ್ಬರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅದು ಯುವಕನಿಗೆ ತಡೆಯಲಾಗಲಿಲ್ಲ. ಚೀಟಿ ಕಸಿದುಕೊಂಡು ಪರಪರ ಹರಿದು ಆಕೆಯ ಕಾಲ ಬಳಿ ಎಸೆದ.

“ಹೆಕ್ಕು,” ಎಂದಳು ಜುಸ್ತಿನಾ. “ನೀನು ಹರಿದದ್ದು ನನ್ನ ತಂಗಿಯ ಮಗನ ಮುಖ. ಹೆಕ್ಕಿ ಕೊಡು. ಮತ್ತೆ ಕೇಳು. ನಾವು ಉದಗೀರದ ಕೋಟೆ ನೋಡಿಯೇ ಹೋಗುವುದು.”

“ಮುದುಕಿ, ಬಾಜೂಕ ಸರಿ,” ಎಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಟೈರು ಬದಲಿಸುತ್ತಿದ್ದ ಜೀಟಾ ಕೈಯಲ್ಲಿದ್ದ ಪಾನಾ ಬಿಗಿಹಿಡಿದು ತಾಯಿಯ ಪಕ್ಕಕ್ಕೆ ಬಂದಳು. ಅಷ್ಟರಲ್ಲಿ ಬೇವಿನ ಮರದ ಕೆಳಗಿನಿಂದ ಕುಸುಮಬಾಯಿಯ ಕೂಗು ಬಂತು.

“ಏ ಋಷಿಕೇಶ! ನಮ್ಮ ಹೊಲದ ನೆಳ್ಳಿಗಿ ಕುಂತವರಿಗಿ ಏಳು ಅನ್ಲಾಕ ನೀ ಯಾಂವ?”

“ಕಾಕು, ನಿಮಗ ತಿಳಿಯಂಗಿಲ್ಲ. ಇವ್ರು ಹಿಂಗೇ ಶುರು ಮಾಡ್ತಾರ. ನಾಳಿ ನಿಮ್ಮ ಮಯೂರಿನೇ…”

“ಏನಾಗ್ತದ ಮಯೂರಿಗಿ?” ಕುಸುಮಬಾಯಿ ಸೆರಗು ಸರಿಸಿ ಕೊರಳಿಗೆ ಕಟ್ಟಿದ ಕರಡಿಗೆಯನ್ನು ಹಿಡಿದು ತೋರಿಸಿದಳು. “ನನ್ನ ಕೊಳ್ಳಾಗ ಲಿಂಗ ಅದ. ಹುಟ್ಟಿದಾಗಿಂದ ಅದ. ಒಂದು ಕಾಗದದ ಗಾಳಿಗಿ ಉದುರಿ ಬೀಳ್ತದೇನೋ ಇದು? ನಿಂದು ಅಷ್ಟು ಸಡ್ಲ ಅದ ಅಂದ್ರ ನೀ ಮನಿಗಿ ಹೋಗಿ ಬಿಗಿ ಮಾಡ್ಕೋ.”

ಆಮೇಲೆ ಆಕೆ ಮಾಡಿದ್ದನ್ನು ಯಾರೂ ಎಣಿಸಿರಲಿಲ್ಲ. ತಂಬಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟು, ಕಾರಿನ ಹಿಂದಿನ ಬಾಗಿಲು ತೆರೆದು ಒಳಗೆ ಕೂತುಬಿಟ್ಟಳು. ಗದ್ದಲ ಕೇಳಿ ಹೊಲದಿಂದ ಓಡಿಬಂದ ಗಂಡ ಶಾಂತವೀರಪ್ಪ ಬೆಪ್ಪಾಗಿ ಕೇಳಿದ.

“ಎಲ್ಲಿ ಹೊಂಟೀದಿ?”

“ಕಿಲ್ಲಾ ನೋಡ್ಲಾಕ. ಲಗ್ನ ಆಗಿ ಬಂದು ನಲ್ವತ್ತು ವರ್ಷ ಆಯ್ತು, ನೀವಂತೂ ತೋರ್ಸಲಿಲ್ಲ. ರೊಟ್ಟಿ ಬುಟ್ಟ್ಯಾಗವ, ಉಣ್ರಿ.”

ಶಾಂತವೀರಪ್ಪ ಹೆಂಡತಿಯನ್ನು ನೋಡಿದ, ಋಷಿಕೇಶನನ್ನು ನೋಡಿದ. ಜೀಟಾಳ ಕೈಯಿಂದ ಪಾನಾ ತೆಗೆದುಕೊಂಡು ಬಗ್ಗಿ ಸ್ಟೆಪ್ನಿಯ ಬೋಲ್ಟು ಬಿಗಿಯತೊಡಗಿದ. ಯುವಕರು ಬೈಕಿನ ಮೇಲೆ ಕೂತು ನೋಡುತ್ತಲೇ ಇದ್ದರು. ಕಾರು ಹೊರಟಾಗ ಋಷಿಕೇಶ ಮತ್ತೆ ಫೋನ್ ಕಿವಿಗಿಟ್ಟಿದ್ದ.

ಆ ಫೋನು ಎಲ್ಲಿಗೆ ಮುಟ್ಟಿತೆಂದು ಉದಗೀರದಲ್ಲಿ ತಿಳಿಯಿತು. ಕೋಟೆಯ ಬಾಗಿಲ ಬಳಿ ಒಬ್ಬ ಪೊಲೀಸ್ ಪೇದೆ ಕಾಯುತ್ತಿದ್ದ. ಡಿಕ್ಕಿ ತೆಗೆಸಿದ, ಚೀಟಿಗಳನ್ನು ತಿರುವಿಹಾಕಿದ, ಮಾಸ್ತರರ ಗುರುತಿನ ಚೀಟಿ ನೋಡಿದ. ಕೆಟ್ಟ ಮನುಷ್ಯನಲ್ಲ, ಮಧ್ಯಾಹ್ನದ ಬಿಸಿಲಲ್ಲಿ ನಿಂತು ಬೇಸತ್ತಿದ್ದ. ಹಿಂದಿ-ಕನ್ನಡ ಬೆರೆಸಿ ಹೇಳಿದ.

“ಕಂಪ್ಲೇಂಟ್ ಬಂದದ. ಹೆಸರು ಬರ್ಕೊಂಡು ಬಿಡ್ತೀನಿ. ಒಳಗ ಹೋಗಬ್ಯಾಡ್ರಿ, ಖಾಲಿಪೀಲಿ ಲಫಡಾ ಯಾಕ?”

“ಹೋಗಬಾರದು ಅಂತ ಆರ್ಡರ್ ಇದ್ದರೆ ತೋರಿಸಿ,” ಎಂದಳು ಜುಸ್ತಿನಾ. “ಇಲ್ಲದಿದ್ದರೆ ಬಾಗಿಲು ತೆರೆದಿದೆ. ಎಲ್ಲರೂ ಹೋಗುತ್ತಿದ್ದಾರೆ, ನಾವೂ ಹೋಗುತ್ತೇವೆ. ಹೆಸರು ಬೇಕಾದರೆ ಬರೆದುಕೊಳ್ಳಿ, ನಾವೇನೂ ಕದ್ದು ಬಂದವರಲ್ಲ.”

ಪೇದೆ ನಿಟ್ಟುಸಿರುಬಿಟ್ಟು ಡೈರಿ ತೆಗೆದ.

“ಮೊದ್ಲ ನಂದು ಬರಿ,” ಎಂದಳು ಕುಸುಮಬಾಯಿ. “ಕುಸುಮಬಾಯಿ ಶಾಂತವೀರಪ್ಪ, ವಲಾಂಡಿ. ನಾ ಇವರ ಜೋಡಿ ಬಂದೀನಿ. ನಾಳಿ ಯಾರರ ಕೇಳಿದ್ರ ಸೀದಾ ನಮ್ಮ ಮನಿಗಿ ಕಳಿಸು.”

ಹೆಸರುಗಳನ್ನು ಬರೆದುಕೊಂಡು ಪೇದೆ ಪಕ್ಕಕ್ಕೆ ಸರಿದ.

ಕಂದಕ ದಾಟಿ, ಎರಡನೆಯ ಬಾಗಿಲು ದಾಟಿ ಮಾಸ್ತರರು ಎಲ್ಲರಿಗಿಂತ ಹಿಂದೆ ಒಳಗೆ ಬಂದರು. ಇಷ್ಟು ವರ್ಷ ಓದಿದ ಕಲ್ಲುಗಳು ಎದುರಿಗಿದ್ದರೂ ಅವರ ಕಣ್ಣು ನೆಲದ ಮೇಲಿತ್ತು. ಜುಸ್ತಿನಾ ಬುರುಜಿನ ಮೆಟ್ಟಿಲ ಬಳಿ ನಿಂತಳು. ಒಂದೊಂದೂ ಮೊಣಕಾಲೆತ್ತರ.

“ನೀನು ಇಲ್ಲೇ ಕೂತುಕೋ,” ಎಂದರು ಮಾಸ್ತರರು.

“ಕೂತದ್ದು ಸಾಕು. ಕೈ ಕೊಡಿ. ಮತ್ತೆ ಬಾಯಿ ಬಿಡಿ, ಇದನ್ನು ಕಟ್ಟಿದ್ದು ಯಾರು, ಕಾದಿದ್ದು ಯಾರು, ಹೇಳುತ್ತಾ ಹತ್ತಿ.”

ಮೊದಲು ತಡವರಿಸಿದರು, ಆಮೇಲೆ ಮಾತು ಹರಿಯಿತು. ನಿಜಾಮನ ಸೈನ್ಯ ಎಲ್ಲಿತ್ತು, ಪೇಶ್ವೆಯ ಕಡೆಯವರು ಹೇಗೆ ಬಂದರು ಎಂದು ಕೈಬೀಸಿ ತೋರಿಸಿದರು. ಕುಸುಮಬಾಯಿ ಎಲ್ಲವನ್ನೂ ಕೇಳಿ, “ಯಾರು ಗೆದ್ದರೂ ಹೊಲ ತುಳಿದದ್ದು ನಮ್ಮದೇ ಅಲ್ರೀ?” ಎಂದಳು. ಮಾಸ್ತರರು ಎತ್ತಿದ ಕೈ ಇಳಿಸಿ, ಹೌದೆಂದು ತಲೆಯಾಡಿಸಿದರು. ಜುಸ್ತಿನಾಗೆ ನಗು ತಡೆಯಲಾಗಲಿಲ್ಲ. ಬುರುಜಿನ ಮೇಲೆ ಗಾಳಿ ಜೋರಾಗಿತ್ತು. ಕುಸುಮಬಾಯಿ ಕಣ್ಣಿಗೆ ಕೈ ಅಡ್ಡವಿಟ್ಟು ತನ್ನೂರು ಯಾವ ಕಡೆಯೆಂದು ಬಹಳ ಹೊತ್ತು ಹುಡುಕಿದಳು.

ಕೆಳಗಿಳಿದು ಬಂದ ಮೇಲೆ ಆಕೆ, “ನಾ ಎಸ್ಟಿ ಹಿಡಿದು ಹೋಗ್ತೀನ್ರಿ, ನೀವು ನಾಂದೇಡ ರಸ್ತಾ ಹಿಡೀರಿ,” ಎಂದಳು.

“ಬಸ್ಸು ಯಾಕೆ?” ಎಂದವರು ಬೊನಿಫಾಸ್ ಮಾಸ್ತರರು. “ಜೀಟಾ, ಗಾಡಿ ತಿರುಗಿಸು. ವಲಾಂಡಿಯ ಮೇಲೇ ಹೋಗುವ. ಯಾರು ತಡೆಯುತ್ತಾರೆ, ನಾನೂ ನೋಡುತ್ತೇನೆ.”

ಜುಸ್ತಿನಾ ಗಂಡನ ಮುಖ ನೋಡಿದಳು. ಅವರು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದರು. ಕೊಂಡಿ ಎರಡು ಸಲ ತಪ್ಪಿತು, ಮೂರನೆಯ ಸಲ ಸಿಕ್ಕಿತು.

ಬೇವಿನ ಮರದ ಬಳಿ ಶಾಂತವೀರಪ್ಪ ಕಾಯುತ್ತಿದ್ದ. ಉಣ್ಣದೆ ಬಿಡುವುದಿಲ್ಲವೆಂದ. ಮನೆಯೊಳಗೆ ಕರೆದರೂ ಜುಸ್ತಿನಾ ಕೇಳದೆ ರಸ್ತೆಗೆ ಕಾಣುವಂತೆ ಮರದ ಕೆಳಗೇ ಚಾಪೆ ಹಾಸಿಸಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಅರ್ಧ ಊಟವಾಗುವಾಗ ಋಷಿಕೇಶನ ಬೈಕು ಬಂತು, ಒಬ್ಬನೇ ಇದ್ದ. ನಿಧಾನ ಮಾಡಿದ.

“ಬಾರೋ, ಒಂದು ರೊಟ್ಟಿ ತಿನ್ನು,” ಎಂದು ಕುಸುಮಬಾಯಿ ಕೂಗಿದಳು.

ಅವನು ನಿಲ್ಲಲಿಲ್ಲ. ಬೈಗುಳವನ್ನೂ ಆಡಲಿಲ್ಲ. ಧೂಳು ಇಳಿಯುವವರೆಗೂ ಜುಸ್ತಿನಾ ಅವನು ಹೋದ ಕಡೆ ನೋಡಿದಳು. ಆಮೇಲೆ ತಟ್ಟೆ ಮುಂದೆ ಚಾಚಿ, “ಇನ್ನೊಂದು ಹಾಕಿ,” ಎಂದಳು.