ಒರೆಸಿದ ಪಿಟೀಲು

ಕುಮುದಾ ಆ ಪಿಟೀಲನ್ನು ನುಡಿಸಲಿಲ್ಲ. ನುಡಿಸಬಾರದು ಎಂದಷ್ಟೇ ಅವಳಿಗೆ ಹೇಳಿದ್ದರು, ಆ ಮಾತನ್ನು ಅವಳು ಚಾಚೂ ತಪ್ಪದೆ ನಡೆಸಿದಳು. ಕೇಡು ಬಂದದ್ದು ಬೇರೆ ದಾರಿಯಿಂದ.

ಕಿಲೆಲೆಶ್ವಾದಲ್ಲಿ ಅವರಿದ್ದ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಎಮಿಲ್ ಲೋವಿ ಎಂಬ ಎಂಬತ್ತೇಳರ ಮುದುಕರಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ ಅವರನ್ನು ಬಾಬು ಎಂದೇ ಕರೆಯುತ್ತಿದ್ದರು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಬಾಬು ಎಂದರೆ ಅಜ್ಜ. ಯುದ್ಧ ಮುಗಿದ ಮೇಲೆ ಯೂರೋಪಿನಲ್ಲಿ ತನ್ನವರೆಂಬುವರು ಒಬ್ಬರೂ ಉಳಿಯದೆ ಇತ್ತ ಬಂದವರು, ನಲವತ್ತು ವರ್ಷ ಕಾಫಿ ತೋಟವೊಂದನ್ನು ನೋಡಿಕೊಂಡಿದ್ದರು. ಈಗ ಕಣ್ಣು ಮಂಜು, ಹೆಂಡತಿ ತೀರಿಕೊಂಡಾಗಿತ್ತು, ಮಕ್ಕಳಿರಲಿಲ್ಲ.

ಅವರು ಕುಮುದಾಳನ್ನು ನಂಬಿದ್ದು ಒಂದು ಸಣ್ಣ ಸಂಗತಿಯಿಂದ. ಅವಳ ಮಗಳು ವರ್ಷಿಣಿ ಪಿಟೀಲು ಕ್ಲಾಸು ಮುಗಿಸಿ ಬಂದು, ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ದಾಟಿಕೊಂಡು ಹೋದಳು. ಕಾಲು ತಾಗಿತು.

"ಏಯ್, ಕಾಲು ತಾಗಿಸ್ತೀಯಾ? ಮುಟ್ಟಿ ಕಣ್ಣಿಗೊತ್ಕೋ!"

"ಮಮ್ಮಾ, ಇಟ್ಸ್ ಜಸ್ಟ್ ವುಡ್."

"ವುಡ್ ಅಂತೆ ವುಡ್! ನಿನ್ ತಲೇನೂ ವುಡ್ಡೇ. ಒತ್ಕೋ ಅಂದ್ರೆ ಒತ್ಕೋಬೇಕು."

ಹುಡುಗಿ ಬಗ್ಗಿ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಜಗುಲಿಯಲ್ಲಿ ಕೂತಿದ್ದ ಬಾಬು ಇದೇನು, ಯಾಕೆ ಎಂದು ಕೇಳಿ ತಿಳಿದುಕೊಂಡರು.

ಎರಡು ಸಾವಿರದ ಹದಿನಾಲ್ಕರ ಸೆಪ್ಟೆಂಬರಿನಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಸ್ಟ್ರೆಚರಿನ ಮೇಲೆ ಮಲಗಿಸಿ ಹೊರತರುವಾಗ, ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, ಬೀರುವಿನಿಂದ ಒಂದು ಹಳೆಯ ಪಿಟೀಲು ಪೆಟ್ಟಿಗೆ ತರಿಸಿ ಕುಮುದಾಳ ಕೈಗೆ ಕೊಟ್ಟರು. ಅದಕ್ಕೆ ಹುರಿ ಸುತ್ತಿ ಗಂಟು ಹಾಕಿತ್ತು.

"ಇದು ನನ್ನ ಗೆಳೆಯನದು. ಯಾರೂ ನುಡಿಸಬಾರದು. ನುಡಿಸಿದರೆ ಎಲ್ಲ ಮುಗಿಯಿತು. ನಿನ್ನ ಹತ್ತಿರವಿದ್ದರೆ ನನಗೆ ಯೋಚನೆಯಿಲ್ಲ."

ಅಷ್ಟು ಹೇಳುವಷ್ಟರಲ್ಲಿ ಆಂಬ್ಯುಲೆನ್ಸಿನ ಬಾಗಿಲು ಮುಚ್ಚಿತು. ಕುಮುದಾ ಪೆಟ್ಟಿಗೆಯನ್ನು ತಂದು ದೇವರ ಮುಂದೆ ಇಟ್ಟಳು. ಅದಕ್ಕಿಂತ ಭದ್ರವಾದ ಜಾಗ ಅವಳ ಮನೆಯಲ್ಲಿರಲಿಲ್ಲ.

ಎರಡು ವಾರಕ್ಕೆ ಆಯುಧಪೂಜೆ ಬಂತು. ಹರ್ಲಿಂಗ್‌ಹ್ಯಾಮಿನ ಆಫೀಸಿಗೆ ರಜೆ ಹಾಕಿ ಕುಮುದಾ ಬೆಳಗಿನಿಂದ ತೊಳೆದದ್ದೇ ತೊಳೆದದ್ದು: ಕಾರು, ಮಿಕ್ಸಿ, ಈಳಿಗೆಮಣೆ, ಗಂಡ ಧನಂಜಯನ ಲ್ಯಾಪ್‌ಟಾಪು, ಮಗಳ ಪಿಟೀಲು. ಅಂದು ವಾದ್ಯಗಳನ್ನು ಪೂಜೆಗಿಡುತ್ತಾರೆ, ನುಡಿಸುವುದಿಲ್ಲ. ಬಾಬುವಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಪಾಪ, ಇವರದು ವರ್ಷವಿಡೀ ಪೂಜೆಯೇ, ಎಂದುಕೊಂಡಳು. ಮನೆಯ ವಾದ್ಯವೆಲ್ಲ ಮಡಿಯಾಗಿರುವಾಗ ಇದೊಂದನ್ನು ಕೊಳಕಾಗಿ ಬಿಟ್ಟರೆ ಸರಸ್ವತಿ ಒಪ್ಪುತ್ತಾಳೆಯೇ? ಗಂಟು ಬಿಚ್ಚಿದಳು. ತಂತಿಗಳ ಕೆಳಗೆ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಸುತ್ತ, ಅಂಟು ಅಂಟಾದ ಕಂದು ಪುಡಿ ಒಂದು ಪದರವೇ ಕೂತಿತ್ತು. ಅಯ್ಯೋ, ಎಷ್ಟು ವರ್ಷದ ಕೊಳೆಯೋ! ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಉಜ್ಜಿದಳು. ಹೋಗಲಿಲ್ಲ. ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಮತ್ತೆ ಉಜ್ಜಿದಳು. ಹೋಯಿತು. ಮರ ಹೊಸ ಬೆಲ್ಲದಂತೆ ಹೊಳೆಯಿತು. ಒಂದು ಹೂ ಏರಿಸಿ ಕೈಮುಗಿದಳು.

ಮುಂದಿನ ವಾರ ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಗೆ ಹೋದಾಗ ಬಾಬು ದಿಂಬಿಗೊರಗಿ ಕೂತಿದ್ದರು. ಮುಖದಲ್ಲಿ ಅವಳೆಂದೂ ಕಾಣದ ಗೆಲುವು.

"ಭಾನುವಾರ ಎಡಿತ್ ಬರುತ್ತಾಳೆ, ಲಂಡನ್ನಿನಿಂದ. ಆ ಪಿಟೀಲಿನ ಗೆಳೆಯ ಕಾರೆಲ್‌ನ ತಂಗಿ. ಶನಿವಾರ ನನ್ನನ್ನು ಮನೆಗೆ ಬಿಡುತ್ತಾರೆ."

ಅಂದು ಮೊದಲ ಬಾರಿಗೆ ಪೂರ್ತಿ ಕಥೆ ಹೇಳಿದರು. ಅವರಿಗೂ ಕಾರೆಲ್‌ಗೂ ಹದಿನೇಳು. ನಾಜಿಗಳು ಯಹೂದಿಗಳನ್ನೆಲ್ಲ ತುಂಬಿದ್ದ ಊರಿನಲ್ಲಿ ಇಬ್ಬರಿಗೂ ಒಂದೇ ಹಲಗೆ ಮಂಚ, ಇಬ್ಬರಿಗೂ ಒಂದೇ ಪಿಟೀಲು. ನಲವತ್ತನಾಲ್ಕರ ಅಕ್ಟೋಬರಿನಲ್ಲಿ ಪೂರ್ವದ ಕೊಲೆಶಿಬಿರಕ್ಕೆ ಹೋಗುವ ರೈಲಿನ ಪಟ್ಟಿಯಲ್ಲಿ ಕಾರೆಲ್‌ನ ಹೆಸರು ಬಂತು. ಹೊರಡುವ ಮುನ್ನ ಜ್ವರದಲ್ಲಿ ಬಿದ್ದಿದ್ದ ಎಮಿಲ್‌ಗಾಗಿ ಅವನು ಒಂದು ತಾಸು ನುಡಿಸಿದ. 'ನಾನು ಬರುವ ತನಕ ಇದನ್ನು ನುಡಿಸಬೇಡ' ಎಂದು ನಗುತ್ತಾ ಹೇಳಿ ಹೋದ. ಹೋದವನು ಹೊಗೆಯಾದ.

"ಅವನ ಫೋಟೋ ಇಲ್ಲ. ಗೋರಿ ಇಲ್ಲ. ಇರುವುದು ಒಂದೇ. ನಾದ ಬರಲೆಂದು ಬಿಲ್ಲಿಗೆ ತಿಕ್ಕುತ್ತಾರಲ್ಲ, ರೋಸಿನ್, ಅವತ್ತು ಅವನ ಬಿಲ್ಲಿನಿಂದ ಉದುರಿದ ಅದರ ಪುಡಿ, ತಂತಿಯ ಕೆಳಗೆ ಹಾಗೇ ಇದೆ. ಎಪ್ಪತ್ತು ವರ್ಷ ನಾನು ಅದರ ಮೇಲೆ ಉಸಿರು ಕೂಡ ಬಿಟ್ಟಿಲ್ಲ. ಎಡಿತ್ ಅದನ್ನು ಮುಟ್ಟಲು ಬರುತ್ತಿದ್ದಾಳೆ."

ಕುಮುದಾಳ ಕೈಯಲ್ಲಿದ್ದ ಕಿತ್ತಳೆಯ ಸಿಪ್ಪೆ ಅರ್ಧಕ್ಕೇ ನಿಂತಿತು.

ಮನೆಗೆ ಬಂದು ಗಂಡನ ಮುಂದೆ ಅತ್ತಳು. "ಹೋಗಿ ಹೇಳ್ಬಿಡ್ಲೇನ್ರೀ?"

"ಹುಚ್ಚಾ? ಆಪರೇಷನ್ ಆಗಿ ಇನ್ನೂ ಮೂರು ವಾರ ಆಗಿಲ್ಲ. ಹೇಳಿದ್ರೆ ಅಲ್ಲೇ ಗೊಟಕ್ ಅಂದ್ಬಿಡ್ತಾರೆ," ಎಂದ ಧನಂಜಯ. "ರೋಸಿನ್ ತಾನೆ? ವರ್ಷಿಣೀದು ಇದೆಯಲ್ಲ, ಪುಡಿ ಮಾಡಿ ಉದುರಿಸು. ಒಬ್ರಿಗೆ ಕಣ್ ಕಾಣಲ್ಲ, ಇನ್ನೊಬ್ರಿಗೆ ಎಂಬತ್ನಾಲ್ಕು. ಯಾರ್ ಲ್ಯಾಬ್ ಟೆಸ್ಟ್ ಮಾಡಿಸ್ತಾರೆ?"

ಅದು ದಯೆಯ ಮಾತಿನಂತೆ ಕೇಳಿಸಿತು. ಅವಳಿಗೆ ಬೇಕಾಗಿದ್ದೂ ಅದೇ. ಮಗಳ ರೋಸಿನ್ನನ್ನು ಕುಟ್ಟಿ, ಸೆರಗಿನಲ್ಲಿ ಸೋಸಿ ನೋಡಿದರೆ ಬೆಳ್ಳಗೆ, ಸುಣ್ಣದಂತಿತ್ತು. ತಾನು ಒರೆಸಿದ್ದು ಕಂದು ಬಣ್ಣದ್ದು. ಡಬ್ಬಿಯಿಂದ ಒಂದು ಚಿಟಿಕೆ ಕಾಫಿ ಪುಡಿ ತೆಗೆದು, ನುಣ್ಣಗೆ ಅರೆದು ಬೆರೆಸಿದಳು. ಬಣ್ಣ ಕೂಡಿತು. ಅದನ್ನು ತಂತಿಗಳ ಕೆಳಗೆ ಉದುರಿಸಿ, ಹುರಿಯನ್ನು ಮೊದಲಿದ್ದಂತೆಯೇ ಸುತ್ತಿ ಗಂಟು ಹಾಕಿ, ಶನಿವಾರ ಮನೆಗೆ ಬಂದ ಬಾಬುವಿಗೆ ಒಪ್ಪಿಸಿದಳು.

ಭಾನುವಾರ ಎಡಿತ್ ಬಂದರು. ಸಣ್ಣ ಕಾಯ, ನೆಟ್ಟಗಿನ ಬೆನ್ನು. ಹುಟ್ಟಿದೂರಿನ ಭಾಷೆಯನ್ನು ಯುದ್ಧದ ಜೊತೆಗೇ ಬಿಟ್ಟಿದ್ದರಂತೆ, ಇಂಗ್ಲಿಷಿನಲ್ಲೇ ಮಾತಾಡಿದರು. ಇಬ್ಬರು ಮುದುಕರೂ ಒಬ್ಬರ ಕೆನ್ನೆ ಒಬ್ಬರು ಹಿಡಿದುಕೊಂಡು ನಿಂತಿದ್ದನ್ನು ನೋಡಿ ಕುಮುದಾ ಅಡುಗೆಮನೆಗೆ ಹೋಗಿ ಚಹಾ ಇಟ್ಟಳು. ಮರಳಿ ಬರುವಾಗ ಪೆಟ್ಟಿಗೆ ತೆರೆದಿತ್ತು.

ಎಡಿತ್ ತೋರುಬೆರಳನ್ನು ತಂತಿಯ ಕೆಳಗೆ ತೂರಿಸಿ, ಪುಡಿಯನ್ನು ಮುಟ್ಟಿ, ಮೂಗಿನ ಬಳಿ ತಂದರು. ಕಣ್ಣು ಮುಚ್ಚಿದರು. ಮತ್ತೊಮ್ಮೆ ಮೂಸಿದರು.

"ಕಾಫಿ," ಎಂದರು.

"ಏನಂದೆ?"

"ಇದರಲ್ಲಿ ಕಾಫಿ ಇದೆ, ಎಮಿಲ್. ಅಲ್ಲಿ ನಮಗೆ ರೋಸಿನ್ ಎಲ್ಲಿತ್ತು? ಕಾರೆಲ್ ಮಂಚದ ಹಲಗೆಯಿಂದ ಮರದ ಅಂಟು ಕೆರೆದು ತರುತ್ತಿದ್ದ. ನಾನೇ ಚಮಚದಲ್ಲಿ ಕರಗಿಸಿ ಕೊಡುತ್ತಿದ್ದೆ. ಅದಕ್ಕೆ ಹೊಗೆಯ ವಾಸನೆಯಿತ್ತು. ಇದು ಅಂಗಡಿಯ ರೋಸಿನ್ನು. ಬಣ್ಣಕ್ಕೆ ನಿನ್ನ ತೋಟದ ಕಾಫಿ."

"ಎಡಿತ್, ನಾನು ಮುಟ್ಟಿಲ್ಲ. ಕಾರೆಲ್‌ನ ಆಣೆ."

"ಅವನ ಹೆಸರು ಎತ್ತಬೇಡ. ಒರೆಸಿಬಿಟ್ಟೆ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆಗಲೂ ಬರುತ್ತಿದ್ದೆ, ನಿನ್ನ ಜೊತೆ ಕೂತು ಅಳುತ್ತಿದ್ದೆ. ನೀನು ಸತ್ತವನಿಗೆ ವೇಷ ಕಟ್ಟಿಸಿದೆ. ಅವನು ಅವತ್ತು ನುಡಿಸಿದ್ದಾದರೂ ನಿಜವೋ, ಅದೂ ನೀನು ಕಟ್ಟಿದ್ದೋ?"

ಬಾಬು ಮಂಜುಗಣ್ಣುಗಳನ್ನು ಕುಮುದಾಳತ್ತ ತಿರುಗಿಸಿದರು. "ಕುಮುದಾ, ನೀನು ತೆರೆದಿದ್ದೆಯಾ?"

ಕುಮುದಾ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಇಲ್ಲ, ಬಾಬು."

ಎಡಿತ್ ಚಹಾ ಕುಡಿಯಲಿಲ್ಲ. ಕಾಯುತ್ತಿದ್ದ ಟ್ಯಾಕ್ಸಿ ಹತ್ತಿ ಹೊರಟುಹೋದರು.

ಮೂರು ದಿನ ಬಾಬು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಕುಮುದಾ ಗಂಜಿ ಒಯ್ದಾಗ ತೆರೆದ ಪೆಟ್ಟಿಗೆಯ ಮುಂದೆ ಕೂತಿದ್ದರು.

"ಹೆಂಡತಿ ಸತ್ತ ವರ್ಷ ಬಹಳ ಕುಡಿಯುತ್ತಿದ್ದೆ. ಎಷ್ಟೋ ದಿನ ಏನು ಮಾಡಿದೆ ಎಂಬುದೇ ನೆನಪಿಲ್ಲ. ಆಗ ತೆಗೆದು ನುಡಿಸಿದೆನೇನೋ. ಒರೆಸಿದೆನೇನೋ. ಆಮೇಲೆ ನಾಚಿಕೆಯಾಗಿ..." ತಲೆ ಎತ್ತಿದರು. "ಆಗ ನೀವು ಮೇಲಿನ ಮನೆಗೆ ಬಂದಾಗಿತ್ತು. ನಿಜ ಹೇಳು, ನಾನು ನುಡಿಸಿದ್ದು ಎಂದಾದರೂ ಕೇಳಿಸಿತ್ತಾ?"

ಇಲ್ಲ ಎಂದರೆ, ಅದನ್ನು ಒರೆಸಿರಬಹುದಾದ ಕೈಗಳಲ್ಲಿ ಉಳಿಯುವುದು ತನ್ನ ಎರಡು ಮಾತ್ರ. ಅದು ಕುಮುದಾಳಿಗೆ ಗೊತ್ತಿತ್ತು.

"ಒಂದು ಸಲ ಕೇಳಿಸಿತ್ತು, ಬಾಬು."

"ಏನು ನುಡಿಸುತ್ತಿದ್ದೆ?"

"ಗೊತ್ತಾಗಲಿಲ್ಲ. ಚೆನ್ನಾಗಿತ್ತು."

ಅವರು ತಲೆಯಾಡಿಸಿದರು. ಮೇಜಿನ ಖಾನೆಯತ್ತ ಕೈ ತೋರಿಸಿದರು.

"ಅಲ್ಲಿ ಕಾಗದವಿದೆ. ನನಗೆ ಅಕ್ಷರ ಕಾಣುವುದಿಲ್ಲ, ನೀನೇ ಬರಿ. ಪ್ರೀತಿಯ ಎಡಿತ್, ನೀನು ಹೇಳಿದ್ದು ಸರಿ, ಅದನ್ನು ಒರೆಸಿದ್ದು ನಾನೇ. ಬರೆದೆಯಾ?"

"ಬರೆದೆ, ಬಾಬು."