ದೊಡ್ಡವಳ ಬಾಯಿಗೆ ಚಿಕ್ಕವಳ ದನಿ

ಮನೆಯಲ್ಲಿ ಅವಳನ್ನು ದೊಡ್ಡವಳು ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಅಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ. ಚಿಕ್ಕಂದಿನಿಂದ ಅವಳಿಗೆ ಉಗ್ಗು. ಕೆಲವು ಅಕ್ಷರಗಳು ಗಂಟಲಲ್ಲೇ ಕಚ್ಚಿಕೊಂಡು, ಮುಖವೆಲ್ಲ ಕೆಂಪೇರಿದ ಮೇಲೆ ಹೊರಬರುತ್ತಿದ್ದವು. ಮದುವೆ ಗೊತ್ತಾದಾಗ ಅಮ್ಮ ಹುಡುಗನ ಕಡೆಯವರಿಗೆ, "ನಮ್ಮ ದೊಡ್ಡವಳದ್ದು ಮಾತು ಕಮ್ಮಿ," ಎಂದಷ್ಟೇ ಹೇಳಿದ್ದಳು. ಹುಡುಗನ ಜೊತೆಗಿನ ಮಾತುಕತೆಯೆಲ್ಲ ಮೊಬೈಲಿನ ಮೆಸೇಜುಗಳಲ್ಲೇ ನಡೆದಿತ್ತು.

ಮದುವೆಯ ಫಿಲ್ಮ್ ಹೇಗಿರಬೇಕೆಂದು ಮಾತಾಡಲು ಹುಡುಗನ ಮನೆಯಲ್ಲಿ ಎಲ್ಲರೂ ಸೇರಿದರು. ಫಿಲ್ಮ್ ಮಾಡುವವನು ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ನೋಡಪ್ಪ, ಎಲ್ಲರ ಮನೆ ವಿಡಿಯೋ ಥರ ಇರಬಾರದು," ಎಂದರು ಹುಡುಗನ ತಾಯಿ. "ಎಷ್ಟು ವರ್ಷ ಆದ್ರೂ ಜನ ನೆನೆಸ್ಕೋಬೇಕು."

"ಹಾಗಾದ್ರೆ ಹಾಡು ಬೇಡ ಮೇಡಂ. ಇಡೀ ಫಿಲ್ಮಿಗೆ ಹುಡುಗಿ ದನಿ ಇರಲಿ. ಅವರೇ ಕಥೆ ಹೇಳ್ತಾ ಹೋಗ್ಲಿ. ಕೊನೇಲಿ ಕ್ಯಾಮೆರಾ ನೋಡ್ಕೊಂಡು ಎರಡು ಮಾತು."

ಹುಡುಗನ ತಾಯಿ ಚಪ್ಪಾಳೆ ತಟ್ಟಿಯೇಬಿಟ್ಟರು. ಅಮ್ಮ ಮೇಜಿನ ಕೆಳಗೆ ದೊಡ್ಡವಳ ತೊಡೆ ಚಿವುಟಿ, "ಈಗ ಗಂಟಲು ಕಟ್ಟಿದೆ ಅವಳಿಗೆ, ಆಮೇಲೆ ಮಾಡ್ತಾಳೆ ಬಿಡಿ," ಎಂದಳು.

ಮನೆಗೆ ಬರುವ ದಾರಿಯಲ್ಲಿ ಅಮ್ಮನೇ ಉಪಾಯ ಹೂಡಿದಳು. "ಚಿಕ್ಕವಳ ದನಿ ಥೇಟ್ ನಿಂದೇ. ಅವಳು ಹೇಳ್ಲಿ, ನೀನು ಬಾಯಿ ಆಡಿಸು."

"ಅಮ್ಮ, ಅದು ಮೋ... ಮೋ..."

"ಮೋಸವೂ ಇಲ್ಲ, ಮಣ್ಣೂ ಇಲ್ಲ. ಸಿನಿಮಾದೋರೆಲ್ಲ ಮಾಡಲ್ವಾ?"

ಮಾತುಗಳನ್ನು ಬರೆದವಳು ದೊಡ್ಡವಳೇ. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ತಂಗಿ ಅವನ್ನು ಓದಿದಳು: "ಮೊದಲ ಸಲ ಬಂದಾಗ ನೀವು ನಮ್ಮಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಿರಿ. ವಾಪಸ್ ಕೊಡೋಕಾದ್ರೂ ಬರ್ತಾರೆ ಅಂತ ನಾನು ಧೈರ್ಯವಾಗಿದ್ದೆ." ರೆಕಾರ್ಡ್ ಮಾಡುತ್ತಿದ್ದವನು ಗೊಳ್ಳನೆ ನಕ್ಕ. ದೊಡ್ಡವಳ ತಮಾಷೆಗೆ ಯಾರಾದರೂ ಸಮಯಕ್ಕೆ ಸರಿಯಾಗಿ ನಕ್ಕಿದ್ದು ಅದೇ ಮೊದಲು. ಹೊರಗೆ ಕೂತಿದ್ದ ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

"ಬೇಜಾರಾಯ್ತಾ ಅಕ್ಕ?" ಎಂದಳು ಚಿಕ್ಕವಳು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಆದರೆ ಮನಸ್ಸು ತಡೆಯಲಿಲ್ಲ. ಹುಡುಗನಿಗೆ ಎಲ್ಲವನ್ನೂ ಬರೆದು ಕಳಿಸಿದಳು. ಉತ್ತರ ಕೂಡಲೇ ಬಂತು: "ನಂಗೆ ಅನುಮಾನ ಇತ್ತು. ನಂಗೇನೂ ತೊಂದರೆ ಇಲ್ಲ. ಆದ್ರೆ ಫಿಲ್ಮಲ್ಲಿ ತಂಗಿ ದನಿನೇ ಇರ್ಲಿ, ನೆಂಟರೆಲ್ಲ ನೋಡ್ತಾರೆ. ಅಮ್ಮಂಗೆ ನಿಧಾನಕ್ಕೆ ನಾನೇ ಹೇಳ್ತೀನಿ." ಕೆಳಗೊಂದು ನಗುವ ಮುಖ.

ಯಾರ ಮೇಲೆಂದು ಸಿಟ್ಟಾಗುವುದು? ಎಲ್ಲರೂ ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದರು. ಬೇಡವೆನ್ನಲು ಒಂದು ಸಂದು ಕೂಡ ಉಳಿದಿರಲಿಲ್ಲ. ಚಿತ್ರೀಕರಣದ ದಿನ ಸ್ಪೀಕರಿನಲ್ಲಿ ತಂಗಿಯ ದನಿ ಹಾಕಿದರು. ಅವಳು ಬಾಯಿ ಆಡಿಸಿದಳು. "ತುಟಿ ಒಂಚೂರು ಹಿಂದೆ ಬೀಳ್ತಿದೆ ಮೇಡಂ," ಎನ್ನುತ್ತ ಫಿಲ್ಮಿನವನು ಮತ್ತೆ ಮತ್ತೆ ಮಾಡಿಸಿದ.

ಮದುವೆಯಾಯಿತು. ಅಮ್ಮನಿಗೆ ಹೇಳುವ ಗಂಡನ 'ನಿಧಾನ' ಮಾತ್ರ ಬರಲೇ ಇಲ್ಲ. ಹೊಸ ಮನೆಯಲ್ಲಿ ಅವಳು ಹೂಂ, ಉಹೂಂ ಎನ್ನುವುದರಲ್ಲೇ ದಿನ ದೂಡಿದಳು. ಒಂದು ಭಾನುವಾರ ಟೀವಿಯಲ್ಲಿ ಫಿಲ್ಮ್ ಹಾಕಿದರು. ಹಾಲ್ ತುಂಬ ನೆಂಟರು. ಫಿಲ್ಮ್ ಮುಗಿದಾಗ ಗಂಡನ ಚಿಕ್ಕಮ್ಮ ಕಣ್ಣೊರೆಸಿಕೊಂಡರು.

"ಎಂಥಾ ದನಿಯಮ್ಮ ನಿಂದು! ಮನೇಲಿ ಯಾಕೆ ಬಾಯೇ ಬಿಡಲ್ಲ? ಆ ಚಪ್ಪಲಿ ಕಥೆ ಇನ್ನೊಂದ್ಸಲ ಹೇಳು, ಕೇಳೋಣ."

ಎಲ್ಲರೂ ಅವಳ ಕಡೆ ತಿರುಗಿದರು. "ಅವಳಿಗೆ ಸುಸ್ತಾಗಿದೆ ಚಿಕ್ಕಮ್ಮ," ಎಂದ ಗಂಡ. ಅವಳು ಅವನ ತೋಳು ಹಿಡಿದು ಸುಮ್ಮನಾಗಿಸಿದಳು.

"ಅದು ನ... ನ... ನನ್ನ ದನಿ ಅಲ್ಲ. ನನ್ನ ತ... ತ... ತಂಗೀದು."

ಅಷ್ಟು ಹೇಳುವ ಹೊತ್ತಿಗೆ ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರಾಡಿತ್ತು. ಅತ್ತೆ ಮಗನನ್ನು ನೋಡಿದರು. "ನಿಂಗೆ ಗೊತ್ತಿತ್ತಾ?" ಅವನು ತಲೆ ತಗ್ಗಿಸಿದ. ಅವರು ಎದ್ದು ಟೀವಿ ಆರಿಸಿ ಒಳಗೆ ಹೋದರು.

ಅದಾದ ಮೇಲೆ ಆ ಫಿಲ್ಮನ್ನು ಯಾರೂ ಹಾಕಲಿಲ್ಲ. ಅತ್ತೆ ಕೆಲವು ದಿನ ಸೊಸೆಯೊಂದಿಗೆ ಮಾತು ಬಿಟ್ಟರು. ಮತ್ತೆ ಶುರುಮಾಡಿದಾಗ, ಅವಳು ಉತ್ತರ ಹೇಳುತ್ತಿದ್ದರೆ ಕಾಯಲಾರದೆ ತಾವೇ ಅದನ್ನು ಮುಗಿಸಿಬಿಡುತ್ತಿದ್ದರು. ದೊಡ್ಡವಳು ಜಗಳವಾಡಲಿಲ್ಲ. ಅವರು ಮುಗಿಸಿದ ಮೇಲೂ ಅಲ್ಲೇ ನಿಂತು, ತನ್ನ ಮಾತನ್ನು ಕೊನೆಯ ಅಕ್ಷರದವರೆಗೂ ತಾನೇ ಹೇಳುತ್ತಿದ್ದಳು.