ಚಂಚಲೆಯ ಒಡಪು

ನನ್ನ ಅಕ್ಕನ ಮಗಳು ಸುಪ್ರಿಯಾಳನ್ನು ಬಾಗೂರಿಗೆ ಮನೆ ತುಂಬಿಸಲು ಕರೆತಂದ ದಿನ ನಾನು ಬೆಳಗಿನಿಂದ ಹಲ್ಲು ಕಚ್ಚಿಕೊಂಡೇ ಇದ್ದೆ. ಕಾರಣ ಒಂದೇ ಒಂದು ಪದ: ಚಂಚಲೆ. ಎರಡು ವರ್ಷದ ಹಿಂದೆ ಹೊಳಲ್ಕೆರೆಯ ಸಂಬಂಧವೊಂದು ನಿಶ್ಚಯವಾಗಿತ್ತು. ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದರು ಗಂಡಿನ ಕಡೆಯವರು. ಹುಡುಗಿ ಉಂಗುರ ವಾಪಸ್ ಕೊಟ್ಟು ಚಿತ್ರದುರ್ಗದ ಕಾಲೇಜಿನಲ್ಲಿ ಕನ್ನಡ ಪಾಠ ಮುಂದುವರಿಸಿದಳು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅಂದಿನಿಂದ ಅವಳು ಚಂಚಲೆ.

ಹೊಸಿಲಲ್ಲಿ ವರ ಅಂಜನ್‌ನ ದೊಡ್ಡಮ್ಮ ಬೋರಕ್ಕ ಎರಡೂ ಕೈ ಚಾಚಿ ಬಾಗಿಲು ತಡೆದಳು. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ ಹೊಸ ಸೊಸೆ ಒಳಗೆ ಬರುವಂತಿಲ್ಲ. ಅದರಲ್ಲಿ ಸೇರಿಸಬೇಕಾದ ಪದವನ್ನು ಬಾಗಿಲು ತಡೆದವಳೇ ಕೊಡುತ್ತಾಳೆ. ಹೂವು, ಹಣ್ಣು, ಚಂದ್ರ, ಏನಾದರೂ ಕೊಡಬಹುದಿತ್ತು ಆ ಪುಣ್ಯಾತ್ಗಿತ್ತಿ.

"ಚಂಚಲ ಅನ್ನೋದು ಸೇರ್ಸಿ ಹೇಳವ್ವ," ಎಂದಳು ಬೋರಕ್ಕ. "ನಿಂಗೆ ಗೊತ್ತಿರೋ ಪದಾನೇ ಐತೆ."

ಹೆಂಗಸರು ಸೆರಗು ಬಾಯಿಗೊತ್ತಿ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರಿ ಬೋರಕ್ಕ, ಇಂಥ ಹೊತ್ನಾಗೆ..." ಎನ್ನುವಷ್ಟರಲ್ಲಿ ಸುಪ್ರಿಯಾ ನನ್ನ ಕೈ ಒತ್ತಿದಳು.

"ಸುಮ್ಕಿರು ಚಿಕ್ಕಮ್ಮ."

ಹೇಗೆ ಸುಮ್ಮನಿರಲಿ? ಇಲ್ಲಿ ತಡವರಿಸಿದರೆ ಈ ಮನೆಯಲ್ಲಿ ಸಾಯುವ ತನಕ ಅವಳಿಗೆ ಅದೇ ಹೆಸರು.

ಸುಪ್ರಿಯಾ ಕೇಳಿದಳು: "ಚಂಚಲೆ ಅಂದ್ರೆ ಏನ್ರಿ ದೊಡ್ಡತ್ತೆ?"

"ಯಾವಾಗ ಎತ್ತ ತಿರುಗ್ತಾಳೋ ಹೇಳಕ್ಕಾಗ್ದೋಳು!"

"ಸರಿಯಾಗೇ ಹೇಳಿದ್ರಿ. ಕಾವ್ಯದಾಗೆ ಕವಿಗಳು ಲಕ್ಷ್ಮಿಗೇ ಚಂಚಲೆ ಅಂತಾರೆ. ಹಂಗಂತ ಅವಳು ಬಂದಾಗ ಯಾರಾದ್ರೂ ಬಾಗ್ಲು ತಡೀತಾರಾ?"

ಸುಪ್ರಿಯಾ ತಲೆಯೆತ್ತಿ, ತರಗತಿಯ ಹಿಂದಿನ ಬೆಂಚಿಗೂ ಕೇಳುವಂಥ ದನಿಯಲ್ಲಿ ಒಡಪು ಹೇಳಿದಳು:

"ನೀರು ಚಂಚಲ, ಹರಿದರೆ ಹೊಲಕ್ಕೆ ಬೆಳೆ,
ದೀಪ ಚಂಚಲ, ಕುಣಿದರೆ ಮನೆಗೆ ಕಳೆ,
ನನ್ನ ಹಾದಿ ನನಗೇ ಬಿಟ್ಟ ಅಂಜನ್ ಅವರ
ಹೊಸಿಲು ದಾಟ್ತೀನಿ, ಇದೇ ಒಳ್ಳೆ ವೇಳೆ!"

ಕೆಲಸ ಬಿಡು ಎಂದು ಒಮ್ಮೆಯೂ ಹೇಳದ ಅಂಜನ್‌ನ ಮುಖ ಊರಗಲವಾಯಿತು. ಬೋರಕ್ಕ ಒಂದು ಗಳಿಗೆ ಹುಡುಗಿಯನ್ನೇ ದಿಟ್ಟಿಸಿದಳು. ಆಮೇಲೆ ಕೈ ಇಳಿಸಿ, ಹಿಂದೆ ತಿರುಗಿ ಹೆಂಗಸರನ್ನು ಗದರಿದಳು.

"ಏನ್ರೇ ಬಾಯ್ ಬಿಟ್ಕಂಡ್ ನೋಡ್ತೀರ? ಆರತಿ ತರ್ರಿ! ಚಂಚಲೆ ನಮ್ಮನಿಗೆ ಬಂದವ್ಳೆ!"

ಭಲೆ ಮಗಳೇ! ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಸುಪ್ರಿಯಾ ಹೊಸಿಲ ಮೇಲಿನ ಅಕ್ಕಿಸೇರನ್ನು ಬಲಗಾಲಲ್ಲಿ ಒದ್ದಳು. ಅಕ್ಕಿ ನಡುಮನೆಯವರೆಗೂ ಚೆಲ್ಲಿತು.